ಸಮುದ್ರ ಉಂಡ ಬುತ್ತಿ

ಚಟ್ನಿಗೆಂದು ಗುರೆಳ್ಳು ಹುರಿಯುವಾಗ, ಅದು ಹಂಚಿನ ಮೇಲೆ ಚಟಪಟ ಸಿಡಿಯಲು ಶುರುಮಾಡುವುದಕ್ಕೆ ಸ್ವಲ್ಪ ಮೊದಲು, ಒಂದು ಕಮ್ಮನೆಯ ವಾಸನೆ ಏಳುತ್ತದೆ. ಆ ಗಳಿಗೆಗೆ ಇಳಿಸಿದಿರೋ ಗೆದ್ದಿರಿ, ತಡಮಾಡಿದಿರೋ ಕಹಿ. ಮೊನ್ನೆ ಶನಿವಾರ ಸಂಜೆ ಅಣ್ಣಿಗೇರಿಯ ನಮ್ಮ ಮನೆಯಲ್ಲಿ ಒಲೆಯ ಮುಂದೆ ನಿಂತು ನಾನು ಬೇಕಂತಲೇ ತಡಮಾಡಿದೆ. ಮರುದಿನ ಕಾರವಾರದ ಬೀಚಿಗೆ ಹೋಗುವುದಿತ್ತು. "ಅಲ್ಲೆ ಹೆಜ್ಜಿಗೊಂದು ಹೋಟೆಲ್ ಅದಾವ, ನೀ ಯಾಕ ಬೆವರು ಸುರಸಾಕತ್ತಿ? ಮ್ಯಾಲ ಹೊತ್ತಸಾಕ ಬ್ಯಾರೆ ಹತ್ತೀ!" ಎಂದು ನಮ್ಮ ಮನೆಯವರು ಪಡಸಾಲೆಯಿಂದ ಕೂಗಿದರು. ಹೊತ್ತಿದ ಗುರೆಳ್ಳಿನ ವಾಸನೆ ಬಂದರೆ ಉಳಿದವರಿಗೆ ಅಡುಗೆಮನೆ ನೆನಪಾಗುತ್ತದೆ, ನನಗೆ ಸಮುದ್ರ ನೆನಪಾಗುತ್ತದೆ. ಎರೆಮಣ್ಣಿನ ನಾಡಿನಲ್ಲಿ ಹುಟ್ಟಿ, ಎರೆಮಣ್ಣಿನ ನಾಡಿಗೇ ಸೊಸೆಯಾಗಿ ಬಂದ ಹೆಂಗಸು ಹೀಗೆಂದರೆ ಯಾರಾದರೂ ನಗುತ್ತಾರೆ. ನಗಲಿ. ಒಂದು ಕಾಲಕ್ಕೆ ತುಂಬಿದ ಮನೆಯಲ್ಲಿ ಉಂಡು ಬೆಳೆದು, ಈಗ ನಾಲ್ಕು ಜನಕ್ಕೆ ಅಳೆದು ಅಕ್ಕಿ ಹಾಕುವವರಿದ್ದರೆ ನನ್ನ ಮಾತು ಅವರಿಗೆ ತಿಳಿಯುತ್ತದೆ.

ನನ್ನ ತವರು ಕುಬಿಹಾಳ. ನಮ್ಮ ಮನೆ ಊರೊಳಗೆ ಅಂಥ ದೊಡ್ಡದೇನಲ್ಲ, ಆದರೆ ಉದ್ದ. ಬಾಗಿಲು ದಾಟಿದರೆ ಎಡಕ್ಕೆ ಎತ್ತುಗಳ ಗ್ವಾದಲಿ, ಎದುರಿಗೆ ಕಟ್ಟೆ, ಕಟ್ಟೆಯ ಹಿಂದೆ ಪಡಸಾಲೆ, ಅದರ ಹಿಂದೆ ಹಾಡು ಹಗಲೇ ದೀಪ ಬೇಕಾಗುವ ಅಡುಗೆಮನೆ. ಎತ್ತಿನ ಉಸಿರು, ಸಗಣಿ, ಹೊಸ ಜೋಳ, ಒಣಮೆಣಸಿನಕಾಯಿಯ ಘಾಟು ಎಲ್ಲ ಸೇರಿ ಆ ಮನೆಗೆ ತನ್ನದೇ ಒಂದು ವಾಸನೆ ಇತ್ತು. ಶಾಲೆಯಲ್ಲಿ ನಮ್ಮ ಬಟ್ಟೆಗೂ ಅದೇ ವಾಸನೆ ಬರುತ್ತದೆ ಎಂದು ಗೆಳತಿಯರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಅವರ ಮನೆಯ ವಾಸನೆ ಅವರಿಗೆ ಹತ್ತುತ್ತಿರಲಿಲ್ಲ, ಅಷ್ಟೇ. ಆ ಮನೆಯಲ್ಲಿ ದೊಡ್ಡಪ್ಪ, ಅಪ್ಪ, ಕಾಕಾ, ಅವರ ಹೆಂಡಂದಿರು, ನಾವು ಮಕ್ಕಳು, ಎಲ್ಲರ ಮೇಲೆ ಆಯಿ. ಆಯಿ ಅಂದರೆ ಅಪ್ಪನ ತಾಯಿ. ಹೆಸರು ಗೌರವ್ವ. ಕುಳ್ಳಗಿನ ಹೆಂಗಸು, ಮೊಣಕಾಲು ನೋವು, ಆದರೆ ಕಣ್ಣು ಮಾತ್ರ ಗಿಡುಗನದು. ಇಳಿವಯಸ್ಸಿನಲ್ಲೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಿದ್ದಳು, ಕಟ್ಟೆಯ ಮೇಲೆ ಕೂತು ಅಕ್ಕಿಯೊಳಗಿನ ಹರಳು ಆರಿಸುತ್ತಲೇ ಬಾಗಿಲಾಚೆ ಹೋಗುವವರು ಯಾರ ಮನೆಯ ಸೊಸೆ, ಯಾವ ಸೀರೆ, ಮುಖ ಯಾಕೆ ಬಾಡಿದೆ ಎಂದೆಲ್ಲ ಹೇಳುತ್ತಿದ್ದಳು. ಈ ಕಣ್ಣಿನ ಮಾತು ಮುಂದೆ ಬರುವುದಿದೆ, ಅದಕ್ಕೇ ಹೇಳಿದೆ.

ಮನೆಯೆಂದ ಮೇಲೆ ಬೋಗುಣಿಗೆ ಬೋಗುಣಿ ತಾಗಿ ಸಪ್ಪಳ ಆಗಿಯೇ ಆಗುತ್ತದೆ. ನಮ್ಮಲ್ಲಿ ಆದದ್ದು ಗಿಣ್ಣದ ಸಪ್ಪಳ. ಮಳೆಗಾಲದಲ್ಲಿ ಎಮ್ಮೆ ಈದಿತು. ಮೊದಲ ಹಾಲಿನ ಗಿಣ್ಣ ಕಾಸಿದ್ದು ದೊಡ್ಡಪ್ಪನ ಹೆಂಡತಿ ದೊಡ್ಡವ್ವ. ಅವಳ ತಮ್ಮ ಅವತ್ತೇ ಬಂದಿದ್ದ. ಒಂದು ಡಬ್ಬಿ ತುಂಬಿ ಅವನ ಕೈಗೆ ಕೊಟ್ಟು ಕಳಿಸಿದಳು. ಹುಬ್ಬಳ್ಳಿಯಿಂದ ಹೊಸದಾಗಿ ಬಂದಿದ್ದ ಚಿಗವ್ವ, ಅಂದರೆ ಕಾಕಾನ ಹೆಂಡತಿ, ಮಗುವನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗುವಷ್ಟರಲ್ಲಿ ಪಾತ್ರೆಯ ತಳ ಕಾಣುತ್ತಿತ್ತು. "ನಮ್ಮ ಕೂಸು ಈ ಮನ್ಯಾಗಿನ ಕೂಸಲ್ಲೇನ್ರಿ?" ಎಂದಳು ಚಿಗವ್ವ. "ಮದ್ಲ ಒಂದ ರೊಟ್ಟಿ ದುಂಡಗ ಬಡ್ಯೂದ ಕಲಿ, ಆಮ್ಯಾಲ ಗಿಣ್ಣ ಕೇಳ್ವಂತಿ" ಎಂದಳು ದೊಡ್ಡವ್ವ. ಅಷ್ಟೇ ಮಾತು. ಸಂಜೆ ಗಂಡಸರು ಹೊಲದಿಂದ ಬರುವ ಹೊತ್ತಿಗೆ ಅದು ಬೆಳೆದು ಹೆಮ್ಮರವಾಗಿತ್ತು. ಒಂದೇ ಅಡುಗೆಮನೆಯಲ್ಲಿ ಮೂರು ಒಲೆ ಹೂಡಿದರು. ದೊಡ್ಡಪ್ಪನಿಗೂ ಕಾಕಾನಿಗೂ ಮಾತು ನಿಂತಿತು. "ಅವ್ಗ ಹೇಳ್ರಿ, ಹೊಲಾ ಹರಗೂ ಕುಂಟಿ ರಿಪೇರಿ ಮಾಡಸ್ಬೇಕಂತ" ಎಂದು ದೊಡ್ಡಪ್ಪ ಗೋಡೆಗೆ ಹೇಳುವುದು, ಕಾಕಾ ಅದನ್ನು ಗೋಡೆಯಿಂದ ಕೇಳಿಸಿಕೊಳ್ಳುವುದು. ಎಡಕ್ಕೂ ಬಲಕ್ಕೂ ನಡುವೆ ಸಿಕ್ಕ ಅಪ್ಪ ಇಬ್ಬರಿಗೂ ಬೇಡವಾದ.

ಮಾತು ನಿಂತದ್ದು ನಮಗೆ ಮಕ್ಕಳಿಗೆ ನಿಜವಾಗಿ ಅರ್ಥವಾದದ್ದು ಸೀಗಿ ಹುಣ್ಣಿಮೆಯ ದಿನ. ನಮ್ಮ ಕಡೆ ಅವತ್ತು ಬಗೆಬಗೆಯ ಅಡುಗೆ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆದು ನಿಂತ ಭೂಮಿತಾಯಿಗೆ ಮೊದಲು ಚರಗ ಚೆಲ್ಲಿ, ಆಮೇಲೆ ನಾವು ಉಣ್ಣುವುದು. ಒಬ್ಬ ಮುಂದೆ ಅನ್ನ-ಕಡುಬು ಚೆಲ್ಲುತ್ತ "ಹುಲ್ಲುಲ್ಲಿಗ್ಯೋ..." ಎಂದು ಕೂಗಬೇಕು, ಹಿಂದೆ ನೀರು ಚಿಮುಕಿಸುತ್ತ ಬರುವವನು "ಚಳಾಂಬ್ರಿಗ್ಯೋ..." ಎಂದು ಓಗೊಡಬೇಕು. ಇದರ ಅರ್ಥ ಊರಲ್ಲಿ ಯಾರಿಗೂ ಗೊತ್ತಿಲ್ಲ, ಪಕ್ಕದೂರಲ್ಲಿ ಬೇರೆ ಥರ ಕೂಗುತ್ತಾರೆ. ನಾನು ಕಂಡಾಗಿನಿಂದ ಮುಂದೆ ದೊಡ್ಡಪ್ಪ, ಹಿಂದೆ ಕಾಕಾ. ಆ ವರ್ಷ ದೊಡ್ಡಪ್ಪ ಹತ್ತಿಯ ಸಾಲಿನಲ್ಲಿ ನಿಂತು ಕೂಗಿದ. ಕಾಕಾ ಬದುವಿನ ಮೇಲೆ ಬೆನ್ನು ತಿರುಗಿಸಿ ಕೂತಿದ್ದ. ದೊಡ್ಡಪ್ಪ ಇನ್ನೊಮ್ಮೆ ಕೂಗಿದ. ಗಾಳಿಗೆ ಜೋಳದ ಸೋಗೆ ಅಲುಗಿದ ಸದ್ದು ಬಿಟ್ಟರೆ ಏನೂ ಇಲ್ಲ. ಕೊನೆಗೆ ಅಪ್ಪ ಗಡಿಬಿಡಿಯಿಂದ ತಂಬಿಗೆ ಎತ್ತಿಕೊಂಡು ಹೋಗಿ ಹೇಗೋ ಓಗೊಟ್ಟ. ಅಪ್ಪನ ದನಿ ಸಣ್ಣದು, ಅದು ಹೊಲದ ಆ ಕಡೆಗೆ ಮುಟ್ಟಲಿಲ್ಲ. ಆಯಿ ಅವತ್ತು ಊಟ ಮಾಡಲಿಲ್ಲ.

ಸುಗ್ಗಿ ಮುಗಿಯುವ ಹೊತ್ತಿಗೆ ಪಾಲಿನ ಮಾತು ಬಂತು. ಯುಗಾದಿಗೆ ಹಿರಿಯರನ್ನು ಕೂಡಿಸಿ ಹೊಲ ಮನೆ ಹಂಚಿಕೊಳ್ಳುವುದು ಎಂದಾಯಿತು. ಆಯಿ ಕಟ್ಟೆಯ ಮೇಲಿಂದಲೇ ಮೂವರನ್ನೂ ಕರೆದಳು. "ಪಾಲ ಮಾಡ್ಕೊರಿ, ನಾ ಬ್ಯಾಡ ಅನ್ನಾಕಿ ಯಾರು? ಆದ್ರ ಅದಕ್ಕೂ ಮದ್ಲ ಒಮ್ಮಿ ಎಲ್ಲಾರೂ ಕೂಡಿ ಒಂದ ಕಡೆ ಹೋಗಿ ಬರೂಣು." ಎಲ್ಲಿಗೆ ಎಂದರೆ ಸಮುದ್ರ ನೋಡಲಿಕ್ಕೆ ಎಂದಳು. ದೊಡ್ಡಪ್ಪನಿಗೆ ಆಶ್ಚರ್ಯ. "ಸಮುದ್ರದಾಗ ಏನೈತಿಬೇ? ಹೋದ್ರ ಉಳವಿಗೆ ಹೋಗೂಣು, ಶ್ರೀಶೈಲಕ್ಕ ಹೋಗೂಣು." ಆಯಿ ತಲೆ ಅಲ್ಲಾಡಿಸಿದಳು. "ದೇವರ ಹತ್ರ ಹೋದ್ರ ಒಬ್ಬೊಬ್ಬರು ಒಂದೊಂದು ಬೇಡ್ಕೊಂಡು ನಿಂದ್ರತೀರಿ. ಅವಗ ಒಳ್ಳೇದಾಗ್ಲಿ ಅಂತ ಯಾವನೂ ಬೇಡೂದಿಲ್ಲ. ಸಮುದ್ರದ ಹತ್ರ ಬೇಡೂದು ಏನೂ ಇಲ್ಲ. ನೋಡೂದು, ಉಣ್ಣೂದು, ಬರೂದು." ಅವಳ ಮನಸ್ಸಿನಲ್ಲಿ ಏನಿತ್ತು ಎಂಬುದು ಮನೆಯ ಎಮ್ಮೆಗೂ ತಿಳಿದಿತ್ತು. ಹೇಗಾದರೂ ಮಾಡಿ ಮೂವರನ್ನೂ ಒಂದು ಪಂಕ್ತಿಯಲ್ಲಿ ಕೂಡಿಸಿಬಿಟ್ಟರೆ ಪಾಲು ತಪ್ಪೀತು ಎಂಬ ಆಸೆ.

ಯಾವತ್ತು ಹೋಗುವುದು ಎಂಬ ಪ್ರಶ್ನೆಯೇ ಬರಲಿಲ್ಲ. ಅಮಾವಾಸ್ಯೆಯ ದಿನ ನಮ್ಮಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಹಾಗಾಗಿ ಒಕ್ಕಲುತನದವರಿಗೆ ಅದೇ ರಜೆ. ಶಿವರಾತ್ರಿಯ ಮರುದಿನವೇ ಅಮಾವಾಸ್ಯೆ. ಉಪವಾಸ ಮನೆಯಲ್ಲಿ, ಜಾಗರಣೆ ದಾರಿಯಲ್ಲಿ, ಪಾರಣೆ ಸಮುದ್ರದ ದಂಡೆಯಲ್ಲಿ ಎಂದು ಅಪ್ಪ ಲೆಕ್ಕ ಹಾಕಿ ಗುಡಗೇರಿಯಿಂದ ಒಂದು ಟೆಂಪೊ ಗೊತ್ತುಮಾಡಿ ಬಂದ. ಎಮ್ಮೆ ಕರೆಯಲಿಕ್ಕೆ, ಎತ್ತಿಗೆ ಮೇವು ಹಾಕಲಿಕ್ಕೆ ಎದುರು ಮನೆಯವರು ಒಪ್ಪಿಕೊಂಡರು. ಅಮಾವಾಸ್ಯೆಗೂ ಸಮುದ್ರಕ್ಕೂ ಏನಾದರೂ ಸಂಬಂಧ ಇದ್ದೀತು ಎಂದು ನಮ್ಮೂರಿನ ಒಂದು ಪಿಳ್ಳೆಗೂ ತೋಚಲಿಲ್ಲ. ನಾವು ಕಂಡ ನೀರೆಂದರೆ ಕೆರೆಯ ನೀರು. ಅದು ಇದ್ದಲ್ಲಿ ಇರುತ್ತದೆ, ಬೇಸಿಗೆಗೆ ಇಳಿಯುತ್ತದೆ, ಅಷ್ಟೇ ಅದರ ನಡೆ.

ಒಲೆ ಮೂರಾದ್ದರಿಂದ ಬುತ್ತಿಯೂ ಮೂರು. ದೊಡ್ಡವ್ವನ ಗಂಟು ಕೆಂಪು ಚೌಕಡಿ ಅರಿವೆಯದು, ಹೊರಲು ಒಬ್ಬ ಆಳು ಬೇಕು: ಖಡಕ್ ರೊಟ್ಟಿ, ಎಣ್ಣೆಗಾಯಿ, ಮಾದಲಿ, ಶೇಂಗಾ ಹೋಳಿಗೆ. ನಮ್ಮವ್ವನದು ಅಪ್ಪನ ಹಳೆಯ ಧೋತರದಲ್ಲಿ ಕಟ್ಟಿದ್ದು. ಚಿಗವ್ವನದು ಹೂವಿನ ಚಿತ್ರದ ಅರಿವೆಯ ಸಣ್ಣ ಗಂಟು. ಅದರೊಳಗೆ ದಪ್ಪ ರೊಟ್ಟಿ, ಮೊಸರನ್ನ, ಅವಳೇ ಮಾಡಿದ ಗುರೆಳ್ಳು ಚಟ್ನಿ. ಹುರಿಯುವಾಗ ಮಗು ಅತ್ತಿತಂತೆ, ಎತ್ತಿಕೊಂಡು ಬರುವುದರೊಳಗೆ ಗುರೆಳ್ಳು ಹೊತ್ತಿತ್ತು. ಟೆಂಪೊದಲ್ಲಿ ಮೂರು ಗಂಟು ಮೂರು ಮೂಲೆಗೆ, ಮೂವರು ಹೆಂಗಸರು ಅವುಗಳ ಪಕ್ಕಕ್ಕೆ. ಕಲಘಟಗಿ ದಾಟುವವರೆಗೆ ಅಪ್ಪನೊಬ್ಬನೇ ಭಜನೆ ಹೇಳಿದ. ಆಮೇಲೆ ಕಾಡು ಶುರುವಾಯಿತು, ಅಪ್ಪನೂ ಸುಮ್ಮನಾದ. ಘಟ್ಟದ ತಿರುವುಗಳಲ್ಲಿ ನಮ್ಮಲ್ಲಿ ಅರ್ಧ ಜನ ವಾಂತಿ ಮಾಡಿಕೊಂಡರು. ವಾಂತಿಗೆ ಮಾತ್ರ ಪಾಲಿರಲಿಲ್ಲ, ದೊಡ್ಡವ್ವ ಯಾರ ಮಗು ಎಂದು ನೋಡದೆ ಎಲ್ಲರ ತಲೆ ಹಿಡಿದಳು.

ಬೆಳಕು ಹರಿಯುವಾಗ ಟೆಂಪೊ ಕಾರವಾರದಲ್ಲಿ ನಿಂತಿತು. ಮೊದಲು ಬಂದದ್ದು ಸದ್ದು. ರಾಶಿಯ ಕಣದಲ್ಲಿ ದೂರದ ಮಷೀನು ಓಡಿದ ಹಾಗೆ ಒಂದೇ ಸಮನೆ. ಗಾಳಿಮರಗಳ ಸಾಲನ್ನು ದಾಟಿ ಹೋದರೆ, ಎದುರಿಗೆ ಅಗಲಕ್ಕೆ ಅಗಲ ಉಸುಕು, ಅದರ ಆಚೆ, ಬಹಳ ದೂರದಲ್ಲಿ, ಸಮುದ್ರ. ಗಿಡವಿಲ್ಲದ ಬಯಲನ್ನು ನಾವು ನೋಡದವರೇ? ನವಲಗುಂದದ ಕಡೆ ಹೋದರೆ ಕಣ್ಣು ಹರಿದಷ್ಟು ದೂರ ಎರೆಹೊಲ. ಆದರೆ ಅಲ್ಲಾಡುವ ಬಯಲನ್ನು ನೋಡಿದ್ದು ಅದೇ ಮೊದಲು. ಆಯಿ ಬಗ್ಗಿ ಉಸುಕು ಮುಟ್ಟಿ ಹಣೆಗೆ ಹಚ್ಚಿಕೊಂಡಳು. ಆಮೇಲೆ ಕೇಳಿದಳು, "ನಮ್ಮ ಬೆಣ್ಣಿಹಳ್ಳದ ನೀರೂ ಇಲ್ಲಿಗೇ ಬರತೈತೇನೋ?" ಕಾಕಾ ಕಾಲೇಜಿನ ಮೆಟ್ಟಿಲು ಹತ್ತಿ ಇಳಿದವನು. "ಇಲ್ಲಬೇ, ಅದು ಮಲಪ್ರಭಾ ಕೂಡಿ ಮೂಡಣ ಸಮುದ್ರಕ್ಕ ಹೊಕ್ಕೈತಿ." ಆಯಿ ಬಾಯಿ ಸೊಟ್ಟ ಮಾಡಿದಳು. "ಅದೂ ನಿಮ್ಮಂಗ ಬಾಜೂಕ ಇದ್ದದ್ದು ಬಿಟ್ಟು ದೂರ ಹೋಗತೈತಿ ಅನ್ನು" ಎಂದು ಮುಂದೆ ನಡೆದಳು.

ಕೆರೆಯ ದಂಡೆಗೆ ಹೋದರೆ ಬುತ್ತಿಯನ್ನು ನೀರಿನ ಹತ್ತಿರವೇ ಇಡುವುದು ನಮ್ಮ ರೂಢಿ. ಕೈ ತೊಳೆಯಲು ಅನುಕೂಲ, ತಂಪೂ ಇರುತ್ತದೆ. ಇಲ್ಲಿಯೂ ನೀರು ಹುಡುಕಿಕೊಂಡು ಇಳಿಜಾರಿನಲ್ಲಿ ಕೆಳಕ್ಕೆ ಹೋಗಿ, ಗಟ್ಟಿ ಉಸುಕು ನೋಡಿ ಮೂರು ಗಂಟುಗಳನ್ನು ಒಂದಕ್ಕೊಂದು ತಾಗದ ಹಾಗೆ ಇಟ್ಟರು. ಕಾವಲಿಗೆ ಆಯಿ ಕೂತಳು. ನನಗೆ ಕಿವಿ ಸೋರುತ್ತಿತ್ತು, ನೀರಿಗೆ ಇಳಿಯಬಾರದೆಂದು ಅವ್ವ ನನ್ನನ್ನು ಅವಳ ಪಕ್ಕಕ್ಕೆ ಕೂಡಿಸಿ ಹೋದಳು. ನಾನು ಮೊದಲಿಗೆ ಅತ್ತೆ. ಆಮೇಲೆ ನೋಡುತ್ತ ಕೂತೆ. ಅವರೆಲ್ಲ ಮೂರು ಗುಂಪಾಗಿಯೇ ನೀರಿಗಿಳಿದರು. ಅಷ್ಟು ದೊಡ್ಡ ಸಮುದ್ರದಲ್ಲಿ ದೊಡ್ಡಪ್ಪ ಒಂದು ಕಡೆ ಧೋತರ ಎತ್ತಿ ಕಟ್ಟಿ ನಿಂತಿದ್ದರೆ ಕಾಕಾ ಇನ್ನೊಂದು ಕಡೆ, ನಡುವೆ ಅಪ್ಪ. ಬಿಸಿಲೇರುತ್ತಿತ್ತು. ಎಲ್ಲಿಂದಲೋ ಒಂದು ಕುದುರೆ ಮಕ್ಕಳನ್ನು ಹೊತ್ತು ದಂಡೆಯುದ್ದಕ್ಕೂ ಓಡಾಡುತ್ತಿತ್ತು. ದೂರದಲ್ಲಿ ದೋಣಿಗಳಿದ್ದವು.

ನೀರು ಬಂದದ್ದು ನನಗೆ ಕಂಡದ್ದು ಗಂಟುಗಳ ಹತ್ತಿರದ ಉಸುಕಿನ ಬಣ್ಣ ಕಪ್ಪಾದಾಗ. ಒಂದು ತೆರೆ ತೆಳ್ಳಗೆ ಹರಡಿ ಧೋತರದ ಗಂಟನ್ನು ಮುಟ್ಟಿ ಹಿಂದೆ ಸರಿಯಿತು. "ಆಯಿ, ನೀರು!" ಎಂದೆ. "ಕಂಡೇತಿ, ಸುಮ್ಕ ಕುಂಡ್ರು" ಎಂದಳು ಆಯಿ. ಅವಳು ನೀರನ್ನು ನೋಡುತ್ತಿರಲಿಲ್ಲ, ತನ್ನ ಮೂವರು ಗಂಡುಮಕ್ಕಳು ನಿಂತಲ್ಲಿಗೆ ನೋಡುತ್ತಿದ್ದಳು. ಇನ್ನೊಂದು ತೆರೆ ಬಂತು. ಆಯಿ ಎದ್ದಳು, ಸೀರೆ ಎತ್ತಿ ಕಟ್ಟಿಕೊಂಡಳು, ಕುಂಟುತ್ತ ಹೋಗಿ ಹೂವಿನ ಚಿತ್ರದ ಸಣ್ಣ ಗಂಟನ್ನು ಎತ್ತಿ ತಂದು ನನ್ನ ತೊಡೆಯ ಮೇಲಿಟ್ಟಳು. ಉಳಿದೆರಡನ್ನು ತರಲು ಹೋಗಲಿಲ್ಲ. ನನ್ನ ರಟ್ಟೆ ಹಿಡಿದು ಮೇಲಕ್ಕೆ ಎಳೆದುಕೊಂಡು ಬಂದು ಒಣ ಉಸುಕಿನಲ್ಲಿ ಕೂತಳು. ಮುಂದಿನ ತೆರೆ ದೊಡ್ಡದು. ದೊಡ್ಡವ್ವನ ಕೆಂಪು ಗಂಟು ಮೊದಲು ಉರುಳಿತು, ಆಮೇಲೆ ತೇಲಿತು, ಬಿಚ್ಚಿಕೊಂಡು ರೊಟ್ಟಿಗಳು ಒಂದೊಂದಾಗಿ ನೀರಿನ ಮೇಲೆ ಹೊರಟವು. ನಮ್ಮ ಧೋತರದ ಗಂಟು ಅದರ ಬೆನ್ನಿಗೇ ಹೋಯಿತು. ಆಗ ಆಯಿ ಎದೆ ಬಡಿದುಕೊಂಡು ಕೂಗಿದಳು, "ಅಯ್ಯಯ್ಯ, ಬುತ್ತಿ ಹೋತಲ್ರೋ!"

ಎಲ್ಲರೂ ಓಡಿ ಬಂದರು. ಕಾಕಾ ಕೊರಳಮಟ ನೀರಿಗೆ ನುಗ್ಗಿ ದೊಡ್ಡವ್ವನ ಚೌಕಡಿ ಅರಿವೆಯನ್ನಷ್ಟೇ ಹಿಡಿದು ತಂದ. ಶೇಂಗಾ ಮಾರುತ್ತ ನಿಂತಿದ್ದ ಆ ಊರಿನ ಹೆಂಗಸು ನಕ್ಕುಬಿಟ್ಟಳು. "ಇವತ್ತು ಅಮಾಸೆ ಅಲ್ದಾ? ಭರತಿ ನೀರು ಇಲ್ಲೀ ತನಕ ಬರೂದೇ. ನಿಮ್ಗೆ ಗೊತ್ತಿಲ್ವಾ?" ಗೊತ್ತಿಲ್ಲ ತಾಯಿ, ನಮಗೆ ಹೇಗೆ ಗೊತ್ತಿರಬೇಕು? ಹಿಂದಿನ ದಿನದ ಉಪವಾಸ, ರಾತ್ರಿಯ ಜಾಗರಣೆ, ಉಪ್ಪುನೀರಿನ ಆಟ, ಎಲ್ಲರ ಹೊಟ್ಟೆಯೂ ಬೆನ್ನಿಗೆ ಹತ್ತಿತ್ತು. ದೊಡ್ಡವ್ವ ಉಸುಕಿನಲ್ಲಿ ಕುಸಿದು ಕೂತಳು. "ಅತ್ತೀ, ನೀವು ಇಲ್ಲೇ ಕುಂತಿದ್ರಲ್ಲ, ನೋಡಬಾರದೇನ್ರಿ?" ಸೂಜಿಗೆ ದಾರ ಪೋಣಿಸುವ ಆಯಿ ಕಣ್ಣಿಗೆ ಸೆರಗು ಒತ್ತಿಕೊಂಡಳು. "ಕಣ್ಣು ಮಂಜ ನೋಡವಾ. ಹಿಂಗ ಅನ್ನೂದ್ರಾಗ ಬಂದು ಎಳಕೊಂಡು ಹೋತು." ನಾನು ಬಾಯಿ ತೆರೆದೆ. ಆಯಿ ಸೆರಗಿನ ಮರೆಯಿಂದ ನನ್ನ ಕಡೆ ನೋಡಿದ ನೋಟಕ್ಕೆ ನನ್ನ ಬಾಯಿ ತಾನೇ ಮುಚ್ಚಿತು.

"ಅಳೂದು ಯಾಕ? ಚರಗ ಚೆಲ್ಲಿದಂಗಾತು, ಬಿಡ್ರಿ" ಎಂದಳು ಆಯಿ ಆಮೇಲೆ. "ಹೊಲಕ್ಕ ಹೋದ್ರ ಮದ್ಲ ಭೂಮಿತಾಯಿಗೆ ಕೊಟ್ಟು ಉಣ್ಣೂದಿಲ್ಲೇನು? ನೀವು ಕೊಡೂದು ಮರತ್ರಿ, ಈಕಿ ತಾನ ತಗೊಂಡ್ಲು." ತೆರೆಗಳ ಮೇಲೆ ಇನ್ನೂ ಒಂದೆರಡು ರೊಟ್ಟಿ ತೇಲುತ್ತಿದ್ದವು. ದೊಡ್ಡಪ್ಪ ಅವನ್ನೇ ನೋಡುತ್ತ ನಿಂತಿದ್ದವನು ಇದ್ದಕ್ಕಿದ್ದಂತೆ, ನಗುವೋ ಸಿಟ್ಟೋ ತಿಳಿಯದ ದನಿಯಲ್ಲಿ, ಎರಡೂ ಕೈ ಬಾಯಿಗೆ ಹಿಡಿದು ಸಮುದ್ರದ ಕಡೆಗೆ ಕೂಗಿದ: "ಹುಲ್ಲುಲ್ಲಿಗ್ಯೋ..." ದಂಡೆಯ ಮೇಲಿನ ಜನ ತಿರುಗಿ ನೋಡಿದರು. ಆಯಿ ನನ್ನ ಕೈ ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಬಳೆ ಚುಚ್ಚಿ ನೋವಾಯಿತು. ಒಂದು ತೆರೆ ಬಂತು, ಹೋಯಿತು. ಆಮೇಲೆ ಹಿಂದಿನಿಂದ, ಒದ್ದೆ ಚೌಕಡಿ ಅರಿವೆ ಹೆಗಲ ಮೇಲೆ ಹಾಕಿಕೊಂಡು ನಿಂತಿದ್ದ ಕಾಕಾನ ದನಿ, ಸ್ವಲ್ಪ ನಡುಗಿ, ಆಮೇಲೆ ಗಟ್ಟಿಯಾಗಿ, "ಚಳಾಂಬ್ರಿಗ್ಯೋ..." ಎಂದಿತು. ದೊಡ್ಡಪ್ಪ ತಿರುಗಿ ನೋಡಲಿಲ್ಲ. ಇನ್ನೊಮ್ಮೆ ಕೂಗಿದ, ಇನ್ನೊಮ್ಮೆ ಉತ್ತರ ಬಂತು. ಅಪ್ಪ ಮಕ್ಕಳಂತೆ ಬಿಕ್ಕಿ ಬಿಕ್ಕಿ ಅಳುತ್ತಿದ್ದ.

ಚಿಗವ್ವ ಗಂಟು ಬಿಚ್ಚಿದಳು. ಆ ಮನೆಗೆ ಬಂದಮೇಲೆ ಅವಳು ಎಲ್ಲರಿಗೂ ತನ್ನ ಕೈಯಾರೆ ಬಡಿಸಿದ್ದು ಅದೇ ಮೊದಲು. ಗಂಟುಗಳೊಳಗಿನ ತಾಟುಗಳೂ ನೀರುಪಾಲಾಗಿದ್ದರಿಂದ ರೊಟ್ಟಿಯೇ ತಾಟು. ಒಂದೊಂದು ರೊಟ್ಟಿ ಮುರಿದು ಇಬ್ಬಿಬ್ಬರಿಗೆ, ಮೇಲೆ ಮೊಸರನ್ನದ ತುತ್ತು, ಅಂಚಿಗೆ ಹೊತ್ತಿದ ಗುರೆಳ್ಳು ಚಟ್ನಿ. ಗಾಳಿಗೆ ಉಸುಕು ಹಾರಿ ಬಂದು ಎಲ್ಲದರ ಮೇಲೂ ಕೂತಿತು. ಚಿಗವ್ವ ದೊಡ್ಡವ್ವನ ಮುಂದೆ ಬಗ್ಗಿ ಬಡಿಸಿದಳು. "ದುಂಡಗ ಆಗಿಲ್ರಿ ಅಕ್ಕಾರ" ಎಂದಳು. ದೊಡ್ಡವ್ವ ತುತ್ತು ಬಾಯಿಗಿಟ್ಟಳು, ಕಟರ್ ಎಂದು ಉಸುಕು ಹಲ್ಲಿಗೆ ಸಿಕ್ಕಿತು, ಚಟ್ನಿಯ ಕಹಿಗೆ ಮುಖ ಒಂದು ಕ್ಷಣ ಕಿವುಚಿತು. "ಹೊಟ್ಟ್ಯಾಗ ಹೋದ ಮ್ಯಾಲ ಎಲ್ಲಾ ದುಂಡಗನ ಆಗತೈತಿ" ಎಂದಳು, "ಇನ್ನೀಟು ಚಟ್ನಿ ಹಾಕು." ಎಲ್ಲರೂ ನಕ್ಕರು. ಅಂಥ ಕೆಟ್ಟ ಚಟ್ನಿಯನ್ನು ನಾನು ಮತ್ತೆಂದೂ ತಿಂದಿಲ್ಲ. ಅಂಥ ಊಟವನ್ನೂ ಮತ್ತೆಂದೂ ಉಂಡಿಲ್ಲ.

ಆ ಮಧ್ಯಾಹ್ನ ನಮ್ಮ ಮನೆಯ ದೊಡ್ಡವರೆಲ್ಲ ಹುಡುಗರಾದರು. ಮೀನು ಸಾಕಿದ ಗಾಜಿನ ಮನೆಗೆ ಹೋದೆವು. ಚಪ್ಪಟೆ ಮೀನೊಂದು ಗಾಜಿಗೆ ಬಾಯಿ ಹಚ್ಚಿ ನಿಂತಾಗ ದೊಡ್ಡವ್ವ ಅದಕ್ಕೆ ಕೈ ಮುಗಿದಳು. ತೋಟದಲ್ಲಿ ಮಕ್ಕಳಿಗೆಂದು ಒಂದು ಸಣ್ಣ ರೈಲಿತ್ತು. ದೊಡ್ಡಪ್ಪ ಮೊಣಕಾಲು ಎದೆಗೆ ಹಚ್ಚಿಕೊಂಡು ಅದರೊಳಗೆ ತುರುಕಿಕೊಂಡು ಕೂತ, ಇಳಿಯಲೊಲ್ಲೆ ಎಂದ. ನನ್ನನ್ನು ಕಾಕಾ ಕುದುರೆಯ ಮೇಲೆ ಕೂಡಿಸಿದ, ಕುದುರೆ ನೀರಿಗಿಳಿಯುವುದಿಲ್ಲವಲ್ಲ, ಕಿವಿಗೇನೂ ಆಗುವುದಿಲ್ಲ ಎಂದ. ದೋಣಿಯವನು ಇಷ್ಟು ಜನ ಒಂದೇ ಸಲ ಹಿಡಿಯುವುದಿಲ್ಲ ಎಂದಾಗ ಆಯಿ ತೀರ್ಪು ಕೊಟ್ಟಳು, "ಸೊಸೆದೇರು ಹಿಂದಿಂದ ಬರ್ಲಿ. ಈ ಮೂವರು ನನ್ನ ಕೂಡ ಕುಂಡರ್ಲಿ." ದೋಣಿ ತೆರೆ ಹತ್ತಿ ಇಳಿಯುವಾಗ ಆಯಿ ಒಂದು ಕೈಯಲ್ಲಿ ದೊಡ್ಡಪ್ಪನ ಅಂಗಿ, ಇನ್ನೊಂದರಲ್ಲಿ ಕಾಕಾನ ಅಂಗಿ ಹಿಡಿದಿದ್ದಳು. ಅಪ್ಪ ಅವಳ ಕಾಲ ಬಳಿ ಕೂತಿದ್ದ. ದಂಡೆಯಿಂದ ನೋಡಿದ ನನಗೆ ಅವಳ ಮುಖ ಕಂಡಿತು. ಅಷ್ಟು ಸುಖವಾಗಿದ್ದ ಮುಖವನ್ನು ನಾನು ಆಮೇಲೆ ಯಾರಲ್ಲೂ ಕಂಡಿಲ್ಲ. ಸಂಜೆ ಹೊರಡುವಾಗ ನೀರು ಮತ್ತೆ ದೂರ ಹೋಗಿತ್ತು. ಆಯಿ ಅದರ ಕಡೆ ತಿರುಗಿ, "ಉಂಡು ಹೋದ್ಲು ನೋಡು" ಎಂದಳು.

ಊರಿಗೆ ಬಂದ ಮರುದಿನವೇ ಎರಡು ಒಲೆ ಆರಿದವು. ದೊಡ್ಡವ್ವ ಚಿಗವ್ವನ ಕೈ ಹಿಡಿದು ರೊಟ್ಟಿ ಬಡಿಯುವುದನ್ನು ಕಲಿಸಿದಳು. ದೊಡ್ಡಪ್ಪ ಗೋಡೆಗೆ ಹೇಳುವುದನ್ನು ಬಿಟ್ಟು ಕಾಕಾನಿಗೇ ಹೇಳತೊಡಗಿದ. ಆಯಿ ಗೆದ್ದಳು ಎಂದುಕೊಂಡೆವು. ಯುಗಾದಿ ಬಂತು. ಪಾಲಿನ ಮಾತು ಮುಗಿಯಿತೆಂದು ನಾವು ತಿಳಿದಿದ್ದಾಗ ಅಪ್ಪನೇ ಅದನ್ನು ಎತ್ತಿದ. "ಈಗ ಮನಸು ತಿಳಿ ಅದಾವ ಅಣ್ಣಾ. ತಿಳಿ ಇದ್ದಾಗ ಹಂಚ್ಕೊಂಡ್ರ ಮುಂದ ಕೆಡೂದಿಲ್ಲ." ದೊಡ್ಡಪ್ಪ ಖರೆ ಎಂದ. ಕಾಕಾನೂ ಖರೆ ಎಂದ. ಹಿರಿಯರು ಬಂದು ಪಡಸಾಲೆಯಲ್ಲಿ ಕೂತರು. "ಕೆಳಗಿನ ಹೊಲ ಅಗದಿ ಛಲೋ ಎರಿ, ತಮ್ಮಗಿರ್ಲಿ" ಎಂದ ದೊಡ್ಡಪ್ಪ. "ಬ್ಯಾಡ್ರಿ, ಬಾಂವಿ ಇದ್ದ ಹೊಲ ಅಣ್ಣಗಿರ್ಲಿ, ಅಂವ ದುಡದಾಂವ" ಎಂದ ಕಾಕಾ. ಬಂದ ಹಿರಿಯರಲ್ಲಿ ಒಬ್ಬರು ತಲೆಯ ಪಟಗ ಸರಿಮಾಡಿಕೊಂಡು, "ಪಾಲಂದ್ರ ಬಡದಾಡಬೇಕ್ರೆಪಾ! ನೀವು ಹಿಂಗ ಮಾಡಿದ್ರ ನಾವು ಚಹಾ ಕುಡದು ಏಳೂದ?" ಎಂದು ನಕ್ಕರು. ಚಹಾ ಆರುವುದರೊಳಗೆ ಹೊಲ, ಎತ್ತು, ಮನೆ ಮೂರು ಪಾಲಾಯಿತು. ಊರೆಲ್ಲ ಹೊಗಳಿತು. ಆಯಿ ಕಟ್ಟೆಯ ಮೇಲೆ ಹರಳು ಆರಿಸುತ್ತ ಕೂತಿದ್ದಳು, ತಲೆ ಎತ್ತಲಿಲ್ಲ.

ಪಡಸಾಲೆಯ ನಡುವೆ ಗೋಡೆ ಎದ್ದಿತು. ಅದರ ಹಿಂದೆ ಯಾವ ಸಿಟ್ಟೂ ಇರಲಿಲ್ಲ, ಅಣ್ಣತಮ್ಮಂದಿರು ಕೂಡಿಯೇ ಕಟ್ಟಿದರು. ಆಮೇಲೆ ಕಾಕಾ ಗುಡಗೇರಿಯಲ್ಲಿ ಕಾಳಿನ ವ್ಯಾಪಾರಕ್ಕೆಂದು ಹೋಗಿ ಅಲ್ಲೇ ಮನೆ ಮಾಡಿದ. ಆಯಿಗೆ ಮೂವರ ಮನೆಯಲ್ಲೂ ಪ್ರೀತಿಯೇ. ನಮ್ಮಲ್ಲಿ ಮುಂಜಾನೆ, ದೊಡ್ಡಪ್ಪನಲ್ಲಿ ಸಂಜೆ, ಗುಡಗೇರಿಗೆ ಹೋದರೆ ಅಲ್ಲಿ ಎರಡೂ ಹೊತ್ತು. "ಇವತ್ತ ಯಾರ ಪಾಳಿ?" ಎಂದು ಅವಳು ಕೇಳುತ್ತಿದ್ದಳು, ತಮಾಷೆಗೆಂದು ಎಲ್ಲರೂ ನಗುತ್ತಿದ್ದರು. ನಾನು ಕಾಲೇಜಿಗೆ ಹೋಗುವ ವರ್ಷ, ಒಂದು ಶನಿವಾರ, ಅವಳ ಪಕ್ಕ ಕೂತಿದ್ದೆ. ಆಗ ನಿಜಕ್ಕೂ ಕಣ್ಣು ಮಂಜಾಗಿತ್ತು, ಅಕ್ಕಿಯನ್ನು ಬೆರಳಿನಿಂದಲೇ ಆರಿಸುತ್ತಿದ್ದಳು. "ಲಲಿ, ಜಗಳ ಇತ್ತು ನೋಡು, ಅವಾಗ ಒಬ್ಬರಿಗೊಬ್ಬರು ಬಿಟ್ಟುಕೊಡಲಾರದಕ್ಕ ಒಂದ ಮನ್ಯಾಗ ಇದ್ರು. ಪ್ರೀತಿ ಬಂತು, ನೀ ತಗೋ ನೀ ತಗೋ ಅಂತ ಹಂಚಿಕೊಂಡು ಹೋಗಿಬಿಟ್ರು." ಬೆರಳಿಗೆ ಸಿಕ್ಕ ಹರಳೊಂದನ್ನು ತೆಗೆದು ಎಸೆದಳು. "ಅವತ್ತ ಮೂರೂ ಗಂಟು ಎತ್ತಿ ಇಡಬೇಕಾಗಿತ್ತು" ಎಂದಳು. ನಾನು ಅವಳ ಕೈ ಹಿಡಿದುಕೊಂಡೆ. ಆ ಮಳೆಗಾಲದಲ್ಲಿ ಆಯಿ ತೀರಿಕೊಂಡಳು. ಈಗ ಆ ಉದ್ದನೆಯ ಮನೆಯೂ ಇಲ್ಲ, ಅದರ ಜಾಗದಲ್ಲಿ ಎರಡು ಸಿಮೆಂಟಿನ ಮನೆಗಳಿವೆ, ಗ್ವಾದಲಿ ಇದ್ದಲ್ಲಿ ಮೋಟರ್ ಸೈಕಲ್ ನಿಲ್ಲುತ್ತದೆ. ದೊಡ್ಡಪ್ಪ, ಅಪ್ಪ, ಕಾಕಾ ಮೂವರೂ ಹೋದರು. ಕೊನೆಯವರೆಗೂ ಒಬ್ಬರಿಗೊಬ್ಬರು ಒಂದು ಕೆಟ್ಟ ಮಾತು ಆಡಲಿಲ್ಲ.

ಮೊನ್ನೆ ಭಾನುವಾರ ಕಾರವಾರಕ್ಕೆ ನಾವು ಹೋದದ್ದು ಮೂರು ಕಾರಿನಲ್ಲಿ. ದೊಡ್ಡಪ್ಪನ ಮಗ ಬಸೂನದೊಂದು, ಕಾಕಾನ ಮಗಳು ವಿದ್ಯಾಳದೊಂದು, ನಮ್ಮದೊಂದು. ನಾವು ಚೆನ್ನಾಗಿಯೇ ಇದ್ದೇವೆ, ಹಬ್ಬಕ್ಕೆ ಫೋನ್ ಮಾಡುತ್ತೇವೆ. ಈಗ ಆ ಬೀಚಿನಲ್ಲಿ ಏನುಂಟು ಏನಿಲ್ಲ! ದಂಡೆಯ ಮೇಲೆ ನಿಜವಾದ ಯುದ್ಧದ ಹಡಗನ್ನು ನಿಲ್ಲಿಸಿದ್ದಾರೆ, ಮಕ್ಕಳು ಅದರ ತೋಪಿನ ಪಕ್ಕ ನಿಂತು ಫೋಟೊ ಹೊಡೆಸಿಕೊಂಡರು. ನೀರಿನ ಮೇಲೆ ಓಡುವ ಸ್ಕೂಟರ್ ಬಂದಿದೆ. ಬಸೂನ ಮಗನಿಗೆ ನೂಡಲ್ಸ್ ಬೇಕಾಯಿತು, ವಿದ್ಯಾಳ ಮನೆಯವರು ಮೀನಿಲ್ಲದ ಹೋಟೆಲ್ ಹುಡುಕಿಕೊಂಡು ಹೋದರು, ನಮ್ಮ ಮನೆಯವರು ಕಾರಿನ ನೆರಳಿನಲ್ಲಿ ನಿದ್ದೆಹೋದರು. ಯಾರ ಮೇಲೂ ಯಾರಿಗೂ ಸಿಟ್ಟಿಲ್ಲ. ನಾನು ಗುರೆಳ್ಳು ಚಟ್ನಿಯ ಡಬ್ಬಿಯನ್ನೂ ರೊಟ್ಟಿಯ ಗಂಟನ್ನೂ ಹಿಡಿದು ಉಸುಕಿನಲ್ಲಿ ಇಳಿದು ಹೋಗಿ, ತೆರೆ ಬಂದು ನಿಲ್ಲುವಲ್ಲಿ ಇಟ್ಟು, ಸ್ವಲ್ಪ ದೂರ ಸರಿದು ಕೂತೆ. ಒಂದು ತೆರೆ ಬಂದು ಗಂಟಿನ ಅಂಚು ಮುಟ್ಟಿತು. ಮುಂದಿನದು ಅಲ್ಲಿಯವರೆಗೆ ಬರಲಿಲ್ಲ. ಅದರ ಮುಂದಿನದು ಇನ್ನೂ ಕೆಳಗೇ ನಿಂತಿತು. ಆಮೇಲೆ ನೆನಪಾಯಿತು. ಎತ್ತುಗಳಿಲ್ಲ, ನೊಗವಿಲ್ಲ, ನಾವೀಗ ಅಮಾವಾಸ್ಯೆ ನೋಡಿ ಹೊರಡುವವರಲ್ಲ. ಭಾನುವಾರ ನೋಡಿ ಬಂದಿದ್ದೆವು. ನೀರು ಇಳಿಯುತ್ತಿತ್ತು.